ಸಾಶಿಕೋ ತೇಪೆ: ದಾರ ಬಿಗಿಯಬೇಡಿ

ಸಾಶಿಕೋ ಅಂದ್ರೆ ಬಟ್ಟೆ ಗಟ್ಟಿಯಾಗೋಕೆ ಸಾಲುಸಾಲಾಗಿ ಹಾಕೋ ಜಪಾನಿನ ಸಾದಾ ಕೈಹೊಲಿಗೆ. ಈ ವಿಡಿಯೋದಲ್ಲಿ ದಾರ ಪೋಣಿಸೋದು ಕಾಣ್ತಾನೇ ಇದೆ, ಅದನ್ನ ಹೇಳಲ್ಲ. ಜೀನ್ಸ್ ಮೊಣಕಾಲು, ತೇಪೆ ಒಳಗಿಂದ. ತೂತಿಗಿಂತ ಸುತ್ತಲೂ 3 ಸೆಂ.ಮೀ. ದೊಡ್ಡದಿರಲಿ, ಮೊದಲೇ ಒಗೆದಿರಲಿ. ಹೊಸ ಹತ್ತಿಬಟ್ಟೆ ಆಮೇಲೆ ಕುಗ್ಗಿದ್ರೆ ಹೊಲಿಗೆಯನ್ನೂ ಜಗ್ಗುತ್ತೆ. ಗೆರೆಗೆ ಬಿಳಿ ಚಾಕ್ ಪೆನ್ಸಿಲ್ ಸಾಕು. ಇಸ್ತ್ರಿ ಶಾಖಕ್ಕೆ ಅಳಿಯೋ ಪೆನ್ ಕಡುನೀಲಿ ಮೇಲೆ ಬೇಡವೇ ಬೇಡ, ಬಿಳಿಚಿದ ಗುರುತು ಉಳಿದುಬಿಡುತ್ತೆ.

ಸಾಲುಗಳ ನಡುವೆ 5 ಮಿ.ಮೀ. ಹೊಲಿಗೆ ಬಟ್ಟೆ ಮೇಲೆ 3 ಮಿ.ಮೀ., ಕೆಳಗೆ 2. ಸೂಜಿಯನ್ನ ಓಡಿಸಬೇಡಿ, ಬಟ್ಟೆಯನ್ನ ಮಡಿಕೆ ಮಡಿಕೆಯಾಗಿ ಸೂಜಿಗೆ ಏರಿಸಿ. ಅಂಗೈಗೆ ಹಾಕಿರೋ ಆ ಲೋಹದ ಬಿಲ್ಲೆ ಸೂಜಿ ಹಿಂಬದಿ ತಳ್ಳೋಕೆ. ಹೋದ ದಾರೀಲೇ ವಾಪಸ್ ಹೊಲಿಯೋ ನಮ್ಮ ಗವಂತಿ ಕಸೂತಿ ಬಲ್ಲವರೇ, ವಾಪಸ್ ಬಂದು ಖಾಲಿ ಜಾಗ ತುಂಬಬೇಡಿ! ಇಲ್ಲಿ ಆ ಖಾಲಿ ಜಾಗವೇ ಚೆಂದ.

ಈಗ ಈ ಮಾದರಿ ತುಂಡು ನೋಡಿ, ಎಷ್ಟು ಸುಕ್ಕು. ನಂಗೆ ಸಿಟ್ಟು ಬರೋದೇ ಇಲ್ಲಿ. ವಿನ್ಯಾಸದ ಬಗ್ಗೆ ಎಲ್ರೂ ಮಾತಾಡ್ತಾರೆ, ಸುಕ್ಕಿನ ಬಗ್ಗೆ ಯಾರೂ ಹೇಳಲ್ಲ. ಮೊಣಕಾಲು ಮಡಚಿದಾಗ ಬಟ್ಟೆ ಹಿಗ್ಗುತ್ತೆ, ದಾರ ಹಿಗ್ಗಲ್ಲ. ಬಿಗಿದಿದ್ರೆ ಒಂದೋ ದಾರ ತುಂಡಾಗುತ್ತೆ, ಇಲ್ಲ ದಾರದ ಪಕ್ಕದಲ್ಲೇ ಹಳೇ ಬಟ್ಟೆ ಹರಿಯುತ್ತೆ. ಅದಕ್ಕೇ ಸಾಲು ಮುಗಿದ ಕೂಡಲೇ ಇತೊಕೊಕಿ, ಅಂದ್ರೆ ದಾರ ನೀವೋದು: ಸಾಲಿನ ಶುರುವಲ್ಲಿ ಒಂದು ಕೈಲಿ ಹಿಡಿದು, ಇನ್ನೊಂದು ಕೈ ಬೆರಳುಗಳಲ್ಲಿ ಹೊಲಿಗೆ ಮೇಲೆ ನೀವುತ್ತಾ ಕೊನೇವರೆಗೂ ಹೋಗಿ. ಬಟ್ಟೆ ಮಟ್ಟಸವಾಗಿ ಬಿಚ್ಚಿಕೊಳ್ಳುತ್ತೆ. ಮುಂದಿನ ಸಾಲಿಗೆ ತಿರುಗುವಾಗ ಹಿಂಬದಿಯಲ್ಲಿ 2-3 ಮಿ.ಮೀ. ಸಡಿಲ ಕುಣಿಕೆ ಬಿಡಿ. ಎಲ್ಲಾ ಸಾಲೂ ಒಂದೇ ಗೆರೇಲಿ ನಿಲ್ಲಿಸಬೇಡಿ, ಭಾರ ಅಲ್ಲೇ ಬಿದ್ದು ಅಂಚು ಸೀಳುತ್ತೆ. ಒಂದು ಸಾಲು ಉದ್ದ, ಒಂದು ಗಿಡ್ಡ, ಎಲ್ಲವೂ ಗಟ್ಟಿ ಬಟ್ಟೆ ಮೇಲೇ ಮುಗೀಲಿ.

ದಾರ ಅಂದ್ರೆ ಬಿಳಿನೇ ಸರಿ. ಅಲ್ಲ, ಮಾಸಿದ ಜೀನ್ಸ್‌ಗೆ ನೀಲಿ ಮೇಲೆ ನೀಲಿನೇ ಚೆಂದ, ಈಗ ನೋಡ್ತಿದ್ರೆ ಹಾಗೇ ಅನ್ಸುತ್ತೆ. ಬಣ್ಣ ಯಾವುದಾದ್ರೂ ಆಗ್ಲಿ, ಆರೆಳೆಯ ಹೊಳೆಯೋ ಕಸೂತಿ ದಾರ ಬೇಡ. ಎಳೆ ಬಿಡಿಬಿಡಿಯಾಗಿ ಸಿಕ್ಕಿಹಾಕಿಕೊಳ್ಳುತ್ತೆ.

ಬಿಳಿ ಅಂದಾಗ ನೆನಪಾಯ್ತು, ಜಪಾನಿನ ಉತ್ತರದ ಅಒಮೊರಿ. ಅಲ್ಲಿನ ಚಳಿಗೆ ಹತ್ತಿ ಬೆಳೆಯಲ್ಲ, ಹಿಂದೆ ರೈತರ ಮೈಮೇಲೆ ಸೆಣಬಿನಂಥ ಹೆಂಪ್ ನಾರಿನ ಬಟ್ಟೆ. ಅದರ ಸಂದುಗಳನ್ನ ಬಿಳಿ ಹತ್ತಿದಾರದಿಂದ ತುಂಬಿ ಬೆಚ್ಚಗೆ ಮಾಡ್ಕೊಂಡ್ರು. ಅಒಮೊರಿಯ ಪಶ್ಚಿಮದ ತ್ಸುಗಾರು ಕಡೆಯ ಕೊಗಿನ್ ಅನ್ನೋ ಹೊಲಿಗೆಯಲ್ಲಿ ಬಟ್ಟೆಯ ಎಳೆ ಎಣಿಸೋದು ಬೆಸ, 1, 3, 5. ಪೂರ್ವದ ನಾನ್ಬು ಕಡೆಯ ಹಿಶಿಝಾಶಿ ಹೊಲಿಗೆಯಲ್ಲಿ ಸಮ, ವಜ್ರಾಕೃತಿ ಅಡ್ಡಕ್ಕೆ ಅಗಲ. ಎಷ್ಟು ಲೆಕ್ಕ ನೋಡಿ ಆ ಕೈಗಳಲ್ಲಿ! ಅಯ್ಯೋ, ಕೊನೇ ಸಾಲು ಬಂದೇಬಿಡ್ತು.

ಗಂಟು ಬೇಡ. ಹಿಂಬದಿ ಮೂರ್ನಾಲ್ಕು ಹೊಲಿಗೆ ಮೇಲೇ ವಾಪಸ್ ಹೊಲಿದು ಕತ್ತರಿಸಿ. ಮೊದಲ ಸಲ ತಣ್ಣೀರಲ್ಲಿ, ಬೇರೆಯಾಗಿ ಒಗೀರಿ, ನೀಲಿ ಬಿಡುತ್ತೆ.