ಕ್ಯಾಸೆಟ್ ಇಟ್ಟುಕೊಂಡ ಹುಡುಗ

ಕೇಳುಗರಿಗೆ ನಮಸ್ಕಾರ. ಬಾಲಸೈನಿಕರ ಪುಸ್ತಕಗಳ ಬಗ್ಗೆ ಎಲ್ಲಿ ಮಾತಾಡಿದರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಆ ಹುಡುಗ ಎಷ್ಟು ಜನರನ್ನು ಕೊಂದ ಸಾರ್?’ ಕ್ಷಮಿಸಿ, ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಬಂದೂಕು ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ಹುಡುಗನ ಹತ್ತಿರ ಬಂದೂಕು ಬಿಟ್ಟು ಇನ್ನೇನಿದೆ? ಅದನ್ನು ನೋಡಿ.

ಇಷ್ಮಾಯೆಲ್ ಬೀಹ್ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದವರು. ಅಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಅವರ ಆತ್ಮಕಥನ ‘ಎ ಲಾಂಗ್ ವೇ ಗಾನ್’ 2007ರಲ್ಲಿ ಬಂತು. ಬಂಡುಕೋರರು ಹಳ್ಳಿಯ ಮೇಲೆ ಬಿದ್ದಾಗ ಈತ ಊರಲ್ಲಿರಲಿಲ್ಲ. ರ‍್ಯಾಪ್ ಹಾಡಿ ಕುಣಿಯೋಣವೆಂದು ಅಣ್ಣ, ಗೆಳೆಯರ ಜೊತೆ ಬೇರೆ ಊರಿಗೆ ಹೋಗಿದ್ದ. ಜೇಬಿನಲ್ಲಿ ಕ್ಯಾಸೆಟ್ಟು. ಆಮೇಲೆ ತಿಂಗಳುಗಟ್ಟಲೆ ಅಲೆದಾಟ. ಹುಡುಗರ ಗುಂಪು ಕಂಡರೆ ಸಾಕು, ಬಂಡುಕೋರರೇ ಬಂದರೆಂದು ಹಳ್ಳಿಯವರು ಹಿಡಿದುಬಿಡುತ್ತಾರೆ. ಒಂದು ಹಳ್ಳಿಯಲ್ಲಿ ಯಜಮಾನ ಆ ಕ್ಯಾಸೆಟ್ ಹಾಕಿಸುತ್ತಾನೆ. ಹುಡುಗ ಕುಣಿದು ತೋರಿಸುತ್ತಾನೆ, ಜೀವ ಉಳಿಯುತ್ತದೆ!

ಕೇಳಿ, ಇನ್ನೂ ಇದೆ. 13ನೇ ವಯಸ್ಸಿಗೆ ಅವನನ್ನು ಸೇರಿಸಿಕೊಂಡದ್ದು ಸೈನ್ಯ. ಹೌದು, ಸರ್ಕಾರದ ಸೈನ್ಯವೇ. ಹೊಸ ಸಮವಸ್ತ್ರ ಕೊಟ್ಟು ಹಳೆಯ ಬಟ್ಟೆಯನ್ನು ಬೆಂಕಿಗೆ ಹಾಕುತ್ತಾರೆ. ಕ್ಯಾಸೆಟ್ಟು ಆ ಜೇಬಿನಲ್ಲೇ ಇವೆ. ಇವನು ಓಡಿ ಬರುವಷ್ಟರಲ್ಲಿ ಕರಗತೊಡಗಿವೆ. ಆಮೇಲೆ ಮಾದಕ ಪದಾರ್ಥ, ರ‍್ಯಾಂಬೋ ಎಂಬ ಹೊಡೆದಾಟದ ಸಿನಿಮಾ, ಕೊಲೆ. ಅದನ್ನೆಲ್ಲ ನೀವೇ ಓದಿಕೊಳ್ಳಿ. ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್‌ನವರು ಬಿಡಿಸಿ ರಾಜಧಾನಿ ಫ್ರೀಟೌನ್‌ನ ಪುನರ್ವಸತಿ ಕೇಂದ್ರಕ್ಕೆ ಕರೆತಂದಾಗ ಅವನು ಯಾರಿಗೂ ಬಗ್ಗುವವನಲ್ಲ. ‘ನಿನ್ನ ತಪ್ಪಲ್ಲಪ್ಪ’ ಎಂದರೆ ರೇಗುತ್ತಾನೆ. ಅಲ್ಲಿನ ನರ್ಸ್ ಒಬ್ಬಾಕೆ ವಾಕ್‌ಮನ್, ಜೊತೆಗೊಂದು ರ‍್ಯಾಪ್ ಕ್ಯಾಸೆಟ್ ತಂದುಕೊಡುತ್ತಾಳೆ. ಹಾಡು ಕೇಳುತ್ತ ಮೆಲ್ಲಗೆ ಬಾಯಿ ಬಿಡುತ್ತಾನೆ. ಪುಸ್ತಕದ ಇಸವಿಗಳ ಬಗ್ಗೆ 2008ರಲ್ಲಿ ಆಸ್ಟ್ರೇಲಿಯಾದ ಪತ್ರಿಕೆಯೊಂದು ತಕರಾರು ತೆಗೆಯಿತು, ಬೀಹ್ ಒಪ್ಪಲಿಲ್ಲ. ಅದು ಇರಲಿ.

ಕಾದಂಬರಿಯಲ್ಲೂ ಹೀಗೇ ಹುಡುಕಿ. ಐವರಿ ಕೋಸ್ಟ್‌ನ ಅಹ್ಮದು ಕುರುಮಾ 2000ದಲ್ಲಿ ಫ್ರೆಂಚಿನಲ್ಲಿ ಬರೆದ ಕಾದಂಬರಿಯಲ್ಲಿ ಬಿರಾಹಿಮ ಎಂಬ ಹುಡುಗನ ಬಳಿ ನಾಲ್ಕು ನಿಘಂಟುಗಳಿವೆ. ಹೆಣಗಳ ಕಥೆ ಹೇಳುತ್ತಲೇ ನಡುನಡುವೆ ನಿಲ್ಲಿಸಿ, ಮೇಷ್ಟರ ಹಾಗೆ ಪದಗಳ ಅರ್ಥ ಹೇಳುತ್ತಾನೆ, ತುಂಟ! ನೈಜೀರಿಯಾದ ಕ್ರಿಸ್ ಅಬಾನಿಯ ‘ಸಾಂಗ್ ಫಾರ್ ನೈಟ್’ನಲ್ಲಿ ನೆಲಬಾಂಬು ಹುಡುಕುವ ಮಕ್ಕಳ ಗಂಟಲಿನ ತಂತುಗಳನ್ನೇ ಕತ್ತರಿಸಿದ್ದಾರೆ, ಒಬ್ಬನ ಕಿರುಚಾಟಕ್ಕೆ ಉಳಿದವರು ಬೆದರಬಾರದೆಂದು. ಅವರಿಗೆ ಉಳಿದಿರುವುದು ಕೈಸನ್ನೆ. ಇದಕ್ಕೇ ಇನ್ನೊಂದು ದಿನ ಬೇಕು, ಇಲ್ಲಿ ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಒಂದನ್ನೇ ಓದುವುದಾದರೆ ಬೀಹ್ ಅವರನ್ನು ಓದಿ. ಇಂಗ್ಲಿಷ್ ಸರಳವಾಗಿದೆ, ಪಿಯುಸಿ ಮಕ್ಕಳೂ ಓದಬಹುದು. ನಮಸ್ಕಾರ.