ಜಗಲಿಯಿಂದ ಮಾವಿನ ಕೊಂಬೆಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದೆಲ್ಲ ಬಂದಿದ್ದೀರಿ. ಕೆಲವರು ಗಿಡವನ್ನೂ ಹೊತ್ತು ತಂದಿದ್ದೀರಿ. ತುಂಬಾ ಖುಷಿಯಾಯಿತು.

ಇವತ್ತು ಒಂದೇ ಗಿಡದ ಮಾತು. ನರ್ಸರಿಯವರು ಸುಮ್ನೆ ‘ಆರ್ಕಿಡ್’ ಅಂತ ಕೊಡುತ್ತಾರಲ್ಲ, ಅಗಲ ಎಲೆ, ಉದ್ದ ಕಡ್ಡಿಯಲ್ಲಿ ಸಾಲಾಗಿ ಕೂತ ಹೂ, ಅದು. ಹೆಸರು ಫೆಲನಾಪ್ಸಿಸ್. ಪತಂಗದ ಹಾಗೆ ಕಾಣುವುದು ಎಂಬ ಅರ್ಥದಲ್ಲಿ ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞರು 1825ರಲ್ಲಿ ಇಟ್ಟ ಹೆಸರು. ಒಳಗಿಟ್ಟರೆ ಹೂ ಎರಡು ಮೂರು ತಿಂಗಳು ನಿಲ್ಲುತ್ತದೆ. ಹೂ ಉದುರಿದ ಮೇಲೆ ಹೊರಗೆ ಇಡುತ್ತೇವೆ. ಗಿಡ ಹೋಗುವುದು ಆಗಲೇ.

ನನ್ನ ಮೊದಲ ಗಿಡವನ್ನು ಮಗಳು ತಂದದ್ದು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅದನ್ನು ಅಂಗಳಕ್ಕೆ ತಂದಿಟ್ಟೆ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಮುಟ್ಟಿದರೆ ಕಾದ ತಟ್ಟೆಯ ಹಾಗೆ ಬಿಸಿ. ನಡುವೆ ಅಂಗೈಯಗಲ ಬಿಳಿಚಿಕೊಂಡಿತ್ತು. ಎರಡೇ ದಿನದಲ್ಲಿ ಆ ಜಾಗ ಒಣಗಿ ಕಾಗದದಂತಾಯಿತು. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ತುಂಬಾ ಬೇಸರಪಟ್ಟೆ.

ಮರದ ಮೇಲೆ ಬದುಕುವ ಗಿಡ ಇದು. ನಮ್ಮ ಕಾಡಿನ ಸೀತಾಳೆ ದಂಡೆಯ ಬಳಗ. ಹಾಗಿದ್ದೂ ಯಾಕೆ ಸುಡುತ್ತದೆ? ಮನೆಯೊಳಗೆ ಬಂದ ಎಲೆ ಮಂದ ಬೆಳಕಿಗೆ ತಕ್ಕಂತೆ ಬಂದದ್ದು. ಇನ್ನೊಂದು ಕಾರಣವೂ ಉಂಟು. ಬೇರೆ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ನೀರಾವಿ ಬಿಟ್ಟು ತಂಪಾಗುತ್ತವೆ. ಇದು ನೀರು ಉಳಿಸಲಿಕ್ಕೆ ಹಗಲು ರಂಧ್ರ ಮುಚ್ಚಿ, ರಾತ್ರಿ ತೆರೆಯುತ್ತದೆ. ಬಿಸಿಲಿನಲ್ಲಿ ಹಾಗೆ ತಣಿಯುವ ದಾರಿಯೇ ಇಲ್ಲ. ಪಾಪ, ಅಲ್ವಾ?

ನಮ್ಮ ಊರಿಗೆ ನಾನು ಹೇಳುವ ಕಾಲ ಚೌತಿ ಕಳೆದ ಮೇಲೆ. ಮಳೆ ತೆಳುವಾಗಿರುತ್ತದೆ, ಗಾಳಿಯಲ್ಲಿ ಪಸೆ ಇರುತ್ತದೆ. ಮೊದಲು ಒಂದು ವಾರ ಜಗಲಿಯ ಒಳಬದಿ. ಆಮೇಲೆ ಬೆಳಗ್ಗಿನ ಎಳೆ ಬಿಸಿಲು ಬೀಳುವ ಮರದಡಿ, ಎರಡು ಮೂರು ವಾರ. ದಿನಾ ಮಧ್ಯಾಹ್ನ ಎಲೆಯನ್ನು ಮುಟ್ಟಿ ನೋಡಿ. ಬಿಸಿ ಅನಿಸಿದರೆ ಹಿಂದಕ್ಕೆ ತನ್ನಿ. ಅವಸರ ಬೇಡ, ಹೊಸ ಎಲೆ ಹೊರಗಿನ ಬೆಳಕಿನಲ್ಲೇ ಬರಬೇಕು.

ಬೇರಿನ ತುದಿ ಹಸಿರಾಗಿ ಚಿಗುರಿದಾಗ ಮರಕ್ಕೆ ಕಟ್ಟಿ. ಮಾವು, ಹಲಸು ಒಳ್ಳೆಯದು, ಸಿಪ್ಪೆ ಒರಟು. ಅಡಿಕೆ ಮರ ಬೇಡ. ಮಹಾಳಿಗೆ, ಅಂದರೆ ಅಡಿಕೆಯ ಕೊಳೆರೋಗಕ್ಕೆ, ಬೋರ್ಡೋ ಮದ್ದು ಬಿಡುವಾಗ ಅದು ಗಿಡದ ಮೇಲೂ ಬೀಳುತ್ತದೆ, ಅದರಲ್ಲಿರುವ ತಾಮ್ರ ಆರ್ಕಿಡ್‌ನ ಎಳೆ ಚಿಗುರಿಗೆ ಕೆಡುಕು ಮಾಡಬಹುದು. ಕಟ್ಟಲಿಕ್ಕೆ ಹಳೆ ಹತ್ತಿಸೀರೆಯ ಪಟ್ಟಿ ಸಾಕು, ಬೇರು ಹಿಡಿದುಕೊಳ್ಳುವ ಹೊತ್ತಿಗೆ ತಾನೇ ಜೀರ್ಣವಾಗುತ್ತದೆ. ಗಿಡವನ್ನು ನೆಟ್ಟಗೆ ನಿಲ್ಲಿಸಬೇಡಿ. ಪಕ್ಕಕ್ಕೆ ವಾಲಿಸಿ, ಸುಳಿಯಲ್ಲಿ ನಿಂತ ನೀರು ಜಾರಿ ಹೋಗಲಿ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಸುಳಿ ಒಮ್ಮೆ ಕೊಳೆತರೆ ಗಿಡ ಉಳಿಯುವುದು ಕಷ್ಟ. ಇನ್ನೂ ಕುಂಡದಲ್ಲೇ ಇರುವುದನ್ನು ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ ಮಳೆಗಾಲ ಹತ್ತಿರವಾದಾಗ, ಮಾಡಿನ ಕೆಳಗೆ ತಂದುಬಿಡಿ.

ನೀರು ಬೇಕೋ ಬೇಡವೋ ಎಂಬುದನ್ನು ಬೇರಿನ ಬಣ್ಣವೇ ಹೇಳುತ್ತದೆ. ಒಣಗಿದಾಗ ಬೆಳ್ಳಿಯ ಬಣ್ಣ, ನೀರು ಹೀರಿದ ಕೂಡಲೇ ಹಸಿರು. ಧನು ತಿಂಗಳಿನ ತಂಪು ರಾತ್ರಿಗಳು ಕೆಲವು ವಾರ ಸಿಕ್ಕಿದರೆ ಎಲೆಯ ಬುಡದಲ್ಲಿ ಹೂಕಡ್ಡಿಯ ಮೊನೆ ಕಾಣುತ್ತದೆ.

ಆ ಸುಟ್ಟ ಎಲೆಯ ಗಿಡ ಈಗ ನಮ್ಮ ಬಾವಿಕಟ್ಟೆಯ ಮಾವಿನ ಮರದಲ್ಲಿದೆ. ಅದರ ಒಂದು ಬೇರು ಕೊಂಬೆಯನ್ನು ಪೂರ್ತಿ ಸುತ್ತಿಕೊಂಡಿದೆ. ಸರಿ, ನೀವು ತಂದ ಗಿಡಗಳನ್ನು ಈ ಮೇಜಿನ ಮೇಲೆ ಇಡಿ. ಮೊದಲು ಬೇರು ನೋಡೋಣ.