ಗಾಳಿಗೆ ಮೂರು ಸ್ಥಾಯಿ

ಕೇಳುಗರಿಗೆ ನಮಸ್ಕಾರ. ಇಂಗ್ಲಿಷ್ ಕಾದಂಬರಿ ಓದುವ ವಿದ್ಯಾರ್ಥಿಗಳಿಗೆ, ಅದನ್ನು ಪಾಠ ಹೇಳುವ ಮೇಷ್ಟ್ರುಗಳಿಗೆ ಇವತ್ತು ಒಂದೇ ಮಾತು: ಪುಟದಲ್ಲಿ ಗಾಳಿಯ ಸದ್ದು ಬಂದರೆ ಹಾರಿಸಿಕೊಂಡು ಹೋಗಬೇಡಿ. ಅದು ಯಾವುದಕ್ಕೆ ತಾಗಿ ಹುಟ್ಟಿದ ಸದ್ದು ಎಂದು ಕೇಳಿ.

ಥಾಮಸ್ ಹಾರ್ಡಿಯನ್ನೇ ತೆಗೆದುಕೊಳ್ಳೋಣ. ಹುಟ್ಟಿದ್ದು 1840ರಲ್ಲಿ, ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ, ಕುರುಚಲು ಬಯಲಿಗೆ ಅಂಟಿಕೊಂಡ ಮನೆಯಲ್ಲಿ. ತಂದೆ ಕಲ್ಲುಕೆಲಸದವರು, ಚರ್ಚಿನ ಮೇಳದಲ್ಲಿ ಪಿಟೀಲು ನುಡಿಸಿದವರು. ಮಗನಿಗೂ ಪಿಟೀಲು ಬರುತ್ತಿತ್ತು. ಆ ಕಿವಿ 1872ರ ‘ಅಂಡರ್ ದಿ ಗ್ರೀನ್‌ವುಡ್ ಟ್ರೀ’ಯ ಮೊದಲ ಪ್ಯಾರಾದಲ್ಲೇ ಕೆಲಸ ಶುರು ಮಾಡುತ್ತದೆ. ಕಾಡಿನಲ್ಲಿ ಬಾಳುವವರಿಗೆ ಒಂದೊಂದು ಜಾತಿಯ ಮರಕ್ಕೂ ಒಂದೊಂದು ದನಿ: ಫರ್ ಬಿಕ್ಕಿ ನರಳುತ್ತದೆ, ಹಾಲಿ ಸಿಳ್ಳೆ ಹಾಕುತ್ತದೆ, ಆಶ್ ಬುಸುಗುಟ್ಟುತ್ತದೆ, ಬೀಚ್ ಸರಸರ ಅನ್ನುತ್ತದೆ. ಬರೀ ಕಲ್ಪನೆ ಅಂದುಕೊಳ್ಳಬೇಡಿ. ಫರ್ ಮರದ ಸೂಜಿಯಂಥ ಎಲೆಯ ಹಿಂದೆ ಗಾಳಿ ಸುಳಿಸುಳಿಯಾಗಿ ಕಳಚಿಕೊಳ್ಳುತ್ತದೆ, ಅದರಿಂದ ಸ್ವರ ಹುಟ್ಟುತ್ತದೆ. ಎಲೆ 1 ಮಿಲಿಮೀಟರ್ ದಪ್ಪವಿದ್ದು, ಗಾಳಿ ಸೆಕೆಂಡಿಗೆ 5 ಮೀಟರ್ ಬೀಸಿದರೆ ಸುಮಾರು 1000 ಹರ್ಟ್ಸ್, ಅಂದರೆ ಸೆಕೆಂಡಿಗೆ ಸಾವಿರ ಕಂಪನ. ಅಗಲ ಎಲೆಯ ಮರದಲ್ಲಿ ಎಲೆಗೆ ಎಲೆ ಬಡಿಯುತ್ತದೆ, ಸದ್ದು ಬೇರೆಯೇ. ಕಾರವಾರದ ಕಡೆ ಗಾಳಿಮರದ ತೋಪಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ 1878ರ ‘ದಿ ರಿಟರ್ನ್ ಆಫ್ ದಿ ನೇಟಿವ್’, ಮೊದಲ ಭಾಗದ ಆರನೇ ಅಧ್ಯಾಯ. ನವೆಂಬರ್ ರಾತ್ರಿ, ಎಗ್ಡನ್ ಬಯಲು, ದಿಬ್ಬದ ಮೇಲೆ ನಾಯಕಿ ಯೂಸ್ಟೇಷಿಯಾ ಒಬ್ಬಳೇ. ಬೀಸುವ ಗಾಳಿಯನ್ನು ಹಾರ್ಡಿ ಮೂರು ಸ್ಥಾಯಿಯಾಗಿ ಬಿಡಿಸುತ್ತಾನೆ. ಹಳ್ಳದಿಣ್ಣೆಗಳಿಗೆ ಬಡಿದು ಬರುವುದು ಮಂದ್ರ. ಹಾಲಿ ಮರದ ಗುಂಯ್ ಅನ್ನುವ ದನಿ ಮಧ್ಯ. ಇವೆರಡಕ್ಕಿಂತ ಕ್ಷೀಣ, ಶ್ರುತಿಯಲ್ಲಿ ಮಾತ್ರ ಮೇಲೆ, ಕಾಗದದಂತೆ ಒಣಗಿದ ಒಂದು ಪಿಸುದನಿ. ಯಾವುದರದು ಅದು? ಇಲ್ಲಿ ನಿಲ್ಲಿ. ಬೇಸಿಗೆಯಲ್ಲಿ ನೇರಳೆಯಾಗಿ ಅರಳಿ, ಸೆಪ್ಟೆಂಬರ್ ಕೊನೆಯ ಮಳೆಗೆ ಬಣ್ಣ ತೊಳೆದುಹೋಗಿ, ಅಕ್ಟೋಬರ್ ಬಿಸಿಲಿಗೆ ಒಣಗಿದ ಹೀತ್ ಎಂಬ ಕುರುಚಲು ಗಿಡದ ಹೂವಿನದು. ಗಂಟೆಯಾಕಾರದ ಪುಟ್ಟ ಹೂ. ಒಂದೊಂದರೊಳಕ್ಕೂ ಗಾಳಿ ಹೊಕ್ಕು, ಕೆರೆದು, ಹೊರಬರುತ್ತದೆ. ನೂರಾರು ಹೂ ಕೂಡಿದರೂ ಕೇಳಿಸುವುದು ಕಷ್ಟ. ಇಡೀ ಇಳಿಜಾರಿನ ಅಸಂಖ್ಯ ಹೂಗಳು ಸೇರಿ ಅವಳ ಕಿವಿ ಮುಟ್ಟುವುದೂ ತುಸುವೇ, ಅದೂ ಬಿಟ್ಟುಬಿಟ್ಟು. ಆಮೇಲೆ ಅವಳು ನಿಟ್ಟುಸಿರು ಬಿಡುತ್ತಾಳೆ. ಅದು ಗಾಳಿಯ ಮಾತಿನಲ್ಲೇ ಇನ್ನೊಂದು ತುಣುಕಾಗಿ ಬೆರೆತುಹೋಗುತ್ತದೆ. ಮೂರು ಸ್ಥಾಯಿಯನ್ನು ಹಾರಿಸಿದವರಿಗೆ ಈ ನಿಟ್ಟುಸಿರು ಕೇಳಿಸುವುದೇ ಇಲ್ಲ, ‘ಅವಳಿಗೆ ಬೇಸರ’ ಎಂಬ ಗೈಡಿನ ವಾಕ್ಯವಷ್ಟೇ ಕೈಗೆ ಸಿಗುತ್ತದೆ. ಕತೆಯಷ್ಟನ್ನೇ ಉಳಿಸುವ ಸಂಕ್ಷಿಪ್ತ ಪ್ರತಿಗಳಲ್ಲಿ ಇಂಥ ಪುಟ ಎಲ್ಲಿ ಉಳಿಯುತ್ತದೆ? ದಯವಿಟ್ಟು ಪೂರ್ಣ ಪ್ರತಿಯನ್ನೇ ಓದಿ.

ಪೆನ್ಸಿಲ್ ಹಿಡಿದು ಸದ್ದಿನ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ಪಕ್ಕದಲ್ಲೇ ಬರೆದುಕೊಳ್ಳಿ: ಯಾವುದರ ಸದ್ದು, ಯಾವ ತಿಂಗಳು, ಯಾರ ಕಿವಿ. ಆಮೇಲೆ ಗಟ್ಟಿಯಾಗಿ ಓದಿ, ಅವಸರ ಬೇಡ.

ಸಮಯ ಮುಗಿಯುತ್ತಾ ಬಂತು, ಇನ್ನೊಂದೇ. 1887ರ ‘ದಿ ವುಡ್‌ಲ್ಯಾಂಡರ್ಸ್’ನಲ್ಲಿ ಮಾರ್ಟಿ ಎಂಬ ಹುಡುಗಿ ಪೈನ್ ಸಸಿ ನೆಡುವಾಗ ಹಿಡಿದು ನಿಲ್ಲಿಸುತ್ತಾಳೆ. ಮಲಗಿಸಿದ್ದಾಗ ಸುಮ್ಮನಿದ್ದ ಸಸಿ ನೆಟ್ಟಗೆ ನಿಲ್ಲಿಸಿದೊಡನೆ ನಿಟ್ಟುಸಿರಿಡುತ್ತದೆ ಅನ್ನುತ್ತಾಳೆ. ನೆಡುವುದರಲ್ಲಿ ಪಳಗಿದ ಕೈ ಅವಳ ಜೊತೆ ನೆಡುತ್ತಿದ್ದ ಜೈಲ್ಸ್‌ನದು, ಅವನು ಅದನ್ನು ಗಮನಿಸಿಯೇ ಇರಲಿಲ್ಲ. ಯಾರ ಕಿವಿ ಎಂದು ಬರೆದುಕೊಳ್ಳಿ ಅಂದದ್ದು ಇದಕ್ಕೇ. ನಮಸ್ಕಾರ.